ಕಡತಕ್ಕೆ ಹೇಳಿದ್ದು

ಸರ್ಕಾರದ ಕಡತದಷ್ಟು ಭದ್ರವಾದ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಕಾಂಚನಾ ತನ್ನ ಐವತ್ತೇಳನೇ ವಯಸ್ಸಿನವರೆಗೂ ನಂಬಿದ್ದಳು. ನಂಬದೆ ಏನು ಮಾಡಿಯಾಳು ಪಾಪ! ಅವಳ ತಾಯಿ ಪಾರ್ವತಿ ಗದಗಿನ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಕ್ವಾರ್ಟರ್ಸಿನ ಚಾವಣಿ ಸೋರುತ್ತದೆ ಎಂದು ವರ್ಷಕ್ಕೊಂದರಂತೆ ಹನ್ನೊಂದು ಅರ್ಜಿ ಗುಜರಾಯಿಸಿದರು. ಹನ್ನೊಂದೂ ಕಡತ ಸೇರಿ ತಣ್ಣಗೆ ಮಲಗಿದವು. ಒಂದನ್ನಾದರೂ ಒಬ್ಬ ನರಪಿಳ್ಳೆ ಬಿಚ್ಚಿ ಓದಿದ್ದರೆ ಕೇಳಿ.

ಹಾಗಾಗಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಸರ್ಕಾರಕ್ಕೊಂದು ಕಾಗದ ಬರೆಯುವ ಪ್ರಸಂಗ ಬಂದಾಗ, ಮನೆಯಲ್ಲಿ ಯಾರಿಗೂ ಹೇಳದೆ ಇದ್ದುದನ್ನೆಲ್ಲ ಅವಳು ಅದರಲ್ಲಿ ಸುರಿದುಬಿಟ್ಟಳು.

ಅವಳು ಕೆಲಸ ಮಾಡುವುದು ಒಂದು ಸಂಘ ನಡೆಸುವ ಚಿಕ್ಕ ಕ್ಲಿನಿಕ್‌ನಲ್ಲಿ. ಹುದ್ದೆಯ ಹೆಸರು ಬಾರ್ನ್‌ಮೊರ್ಸ್ಕಾ, ಅಂದರೆ ಓದಿ ಪರೀಕ್ಷೆ ಪಾಸಾದ ಸೂಲಗಿತ್ತಿ. ಹೆರಿಗೆಗೆ ಮುಂಚಿನ ತಪಾಸಣೆಯಿಂದ ಹಿಡಿದು ಗರ್ಭಪಾತದವರೆಗೆ ಎಲ್ಲಕ್ಕೂ ಅಲ್ಲಿ ಹುಡುಗಿಯರು ಬರುತ್ತಾರೆ. ದೊಡ್ಡಾಸ್ಪತ್ರೆಗೆ ಹೋಗಬಹುದಲ್ಲ ಅಂತೀರಾ? ಹೋಗಬಹುದು. ಆದರೆ ಮೊನ್ನೆಯಷ್ಟೇ ದೇಶಕ್ಕೆ ಬಂದವರು, ಪರ್ಸನ್‌ನುಮರ್ ಎಂಬ ಗುರುತಿನ ಸಂಖ್ಯೆ ಇನ್ನೂ ಕೈಗೆ ಸಿಗದವರು, ಭಾಷೆ ಬಾರದವರು, ಮನೆಯವರಿಗೆ ಹೆದರಿದವರು ಈ ಕ್ಲಿನಿಕ್ಕಿನ ಬಾಗಿಲನ್ನೇ ತಟ್ಟುತ್ತಾರೆ.

ಆ ಬಾಗಿಲಿಗೇ ಈಗ ಕುತ್ತು ಬಂದಿತ್ತು. ಗರ್ಭಪಾತ ಮಾಡುವ ಸಂಘಸಂಸ್ಥೆಗಳಿಗೆ ಸರ್ಕಾರ ಅನುದಾನ ಕೊಡಕೂಡದು ಎಂಬ ಕಾನೂನಿನ ಕರಡು ಹೊರಟಿತ್ತು. ಈ ದೇಶದಲ್ಲಿ ಒಂದು ರೂಢಿಯಿದೆ. ಕಾನೂನು ಮಾಡುವ ಮುಂಚೆ ಕರಡನ್ನು ಸಂಬಂಧಪಟ್ಟವರಿಗೆಲ್ಲ ಕಳಿಸಿ, ನಿಮಗೇನನ್ನಿಸುತ್ತದೆ ಎಂದು ಕೇಳುತ್ತಾರೆ. ಅದಕ್ಕೆ ರೆಮಿಸ್ ಅನ್ನುತ್ತಾರೆ. ಯಾರು ಬೇಕಾದರೂ ಉತ್ತರ ಬರೆಯಬಹುದು.

"ಅಂಕಿಅಂಶ ಎಲ್ಲ ನಾನು ಬರೀತೀನಿ," ಎಂದಳು ಕ್ಲಿನಿಕ್ಕಿನ ಮುಖ್ಯಸ್ಥೆ ಗುನಿಲ್ಲಾ, ಫೀಕಾ ಎನ್ನುವ ಬಿಡುವಿನ ಹೊತ್ತಿನಲ್ಲಿ ಕಾಫಿ ಬಗ್ಗಿಸುತ್ತ. "ನೀನು ನಿನ್ನ ಹೆಸರಲ್ಲೇ ಬೇರೆ ಬರಿ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀಯಲ್ಲ."

ಶನಿವಾರ ಗಂಡ ಗೋಪಾಲ, ನಗರಸಭೆಯಿಂದ ಬಾಡಿಗೆಗೆ ಪಡೆದ ಅಂಗೈಯಗಲದ ತೋಟದ ಕಸ ತೆಗೆಯಲು ಹೋಗಿದ್ದ. ಕಾಂಚನಾ ಬರೆಯಲು ಕೂತಳು. ಮೊದಲ ಪುಟ ಕ್ಲಿನಿಕ್ಕಿನದು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಮನಸ್ಸು ಊರಿಗೆ ಓಡಿತ್ತು.

ಆಹಾ, ಆ ಕ್ವಾರ್ಟರ್ಸು! ಸ್ಟೌ ಮೇಲೆ ಕುದಿಯುವ ಸಿರಿಂಜುಗಳು, ಡೆಟಾಲಿನ ವಾಸನೆ, ಹಗ್ಗದ ಮೇಲೆ ಒಣಗುವ ಅಮ್ಮನ ಬಿಳಿ ಸೀರೆ. ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾದ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಯಾರೋ ಒಬ್ಬಳು ಸಕ್ಕರೆ ಕಡ ಕೇಳುವ ನೆಪದಲ್ಲಿ ಬಂದು ನಿಲ್ಲುತ್ತಿದ್ದಳು. ಬಟ್ಟಲು ಕೈಯಲ್ಲೇ ಉಳಿಯುತ್ತಿತ್ತು, ಕಣ್ಣು ತುಂಬುತ್ತಿತ್ತು. ಅಮ್ಮ ಯಾರು, ಯಾಕೆ, ಹೆಂಗೆ ಎಂದು ಒಂದು ದಿನವೂ ಕೇಳಿದವರಲ್ಲ. "ಎಷ್ಟು ದಿನಾ ಆತವ್ವಾ?" ಅಷ್ಟೇ. ಆಮೇಲೆ ತಾವೇ ಕೈ ಹಿಡಿದು ಡಾಕ್ಟರಮ್ಮನ ಹತ್ತಿರ ಕರೆದೊಯ್ದು, ಎಲ್ಲ ಮುಗಿಯುವ ತನಕ ಆ ಕೈ ಬಿಡುತ್ತಿರಲಿಲ್ಲ. ಆ ಊರು, ಆ ಬಿಸಿಲು, ಅಮ್ಮನ ಆ ಒರಟು ಅಂಗೈ ಎಲ್ಲ ಕಾಂಚನಾಗೆ ಒಮ್ಮೆಲೇ ಬೇಕೆನಿಸಿತು.

ಅದೇ ಪ್ರಶ್ನೆಯನ್ನು ಅಮ್ಮ ಒಂದು ದಿನ ಅವಳನ್ನೂ ಕೇಳಿದ್ದರು. ಆಗ ಅವಳಿಗೆ ಇಪ್ಪತ್ತು, ಬಿಎಸ್ಸಿ ಎರಡನೇ ವರ್ಷ. ಮದುವೆಯಾಗುತ್ತೇನೆ ಎಂದಿದ್ದ ಹುಡುಗ ಪುಣೆಗೆ ಹೋದವನು ಕಾಗದಕ್ಕೆ ಉತ್ತರ ಬರೆಯುವುದನ್ನೇ ನಿಲ್ಲಿಸಿದ್ದ. ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಆಸ್ಪತ್ರೆಯ ಆಯಾಳ ಜೊತೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಬಸ್ಸು ಹತ್ತಿಸಿ, "ನನಗ ಡ್ಯೂಟಿ ಐತಿ" ಎಂದು ಬೆನ್ನು ತಿರುಗಿಸಿದರು. ಊರ ಹೆಣ್ಣುಮಕ್ಕಳ ಕೈಯೆಲ್ಲ ಹಿಡಿದವರು, ಹೆತ್ತ ಮಗಳದು ಹಿಡಿಯಲಿಲ್ಲ. ಆ ಸಿಟ್ಟು ಕಾಂಚನಾಗೆ ಅಮ್ಮ ತೀರಿಕೊಂಡು ಎಂಟು ವರ್ಷವಾದರೂ ಆರಿರಲಿಲ್ಲ.

ಎಲ್ಲವನ್ನೂ ಬರೆದಳು. ಸರ್ಕಾರದ ಖರ್ಚಿನಲ್ಲಿ, ಒಳ್ಳೆಯ ಡಾಕ್ಟರ ಕೈಯಲ್ಲಿ ಆದದ್ದರಿಂದ ತಾನು ಬದುಕಿದೆ. ಅದೇ ವರ್ಷ ತಮ್ಮ ಓಣಿಯ ಒಬ್ಬಳು ಯಾರ ಕೈಯಲ್ಲೋ ಕಡ್ಡಿ ಹಾಕಿಸಿಕೊಂಡು ಸತ್ತಳು ಎಂದೂ ಬರೆದಳು. ಕೊನೆಗೆ, "ನನ್ನ ತಾಯಿ ನರ್ಸ್. ಆದರೂ ಆ ದಿನ ನಾನು ಒಬ್ಬಳೇ ಇದ್ದೆ. ಯಾವ ಹುಡುಗಿಯೂ ಹಾಗೆ ಒಬ್ಬಳೇ ಆಗಬಾರದು" ಎಂದು ಸೇರಿಸಿ, ಹೆಸರು ಹಾಕಿ ಕಳಿಸಿದಳು. ಯಾವನೋ ಗುಮಾಸ್ತ ನಂಬರು ಹಾಕಿ ಬೀರುವಿನಲ್ಲಿ ಇಡುತ್ತಾನೆ, ಮುಗೀತು. ಎದೆಯ ಮೇಲಿನ ಭಾರ ಇಳಿದು, ಅವತ್ತು ಸೊಗಸಾಗಿ ನಿದ್ದೆ ಬಂತು.

ಎರಡು ವಾರದ ಮೇಲೆ ಒಂದು ಗುರುವಾರ ಕಾಫಿಯ ಹೊತ್ತಿಗೆ ಗುನಿಲ್ಲಾ ಓಡಿಬಂದು ತಬ್ಬಿಕೊಂಡಳು. "ಎಂಥಾ ಕಾಗದ ಬರೆದಿದ್ದೀಯ! ಸೈಟಿನಲ್ಲಿ ಓದಿ ಅತ್ತುಬಿಟ್ಟೆ."

"ಯಾವ ಸೈಟು?"

"ಇಲಾಖೆಯದು. ಬಂದ ಉತ್ತರಗಳನ್ನೆಲ್ಲ ಹಾಕಿದ್ದಾರಲ್ಲ. ಸರ್ಕಾರಕ್ಕೆ ಬಂದ ಕಾಗದವನ್ನ ಯಾರು ಬೇಕಾದ್ರೂ ಓದಬಹುದು, ಅದು ಇಲ್ಲಿನ ನಿಯಮ. ಗೊತ್ತಿರಲಿಲ್ವಾ?"

ಬಾಯಲ್ಲಿದ್ದ ಕಾಫಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಇಪ್ಪತ್ತೆಂಟು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿದವಳಿಗೆ ಇದೊಂದು ತಲೆಗೆ ಹೋಗಿರಲಿಲ್ಲ. ಅಯ್ಯೋ ದೇವರೇ, ಗೋಪಾಲನಿಗೆ ಗೊತ್ತಿಲ್ಲವಲ್ಲ! ಮೂವತ್ತೆರಡು ವರ್ಷದ ಸಂಸಾರದಲ್ಲಿ ಹೇಳಬೇಕೆಂದು ಬಾಯಿ ತೆರೆದು ಎಷ್ಟು ಸಲ ಮುಚ್ಚಿದ್ದಳೋ. ಈಗ ನೋಡಿದರೆ ಭಾನುವಾರ ಕನ್ನಡ ಬಳಗದ ಯುಗಾದಿ ಊಟ. ಅಲ್ಲಿ ಊರ್ಮಿಳಾ ಇರುತ್ತಾಳೆ. ಔಷಧದ ಕಂಪನಿಯಲ್ಲಿ ಕೆಲಸ ಮಾಡುವ ಊರ್ಮಿಳಾ ಬಸ್ ಸ್ಟಾಪಿನ ನೋಟೀಸನ್ನೂ ಬಿಡದೆ ಓದುವವಳು. ಹೋಳಿಗೆ ಬಡಿಸುತ್ತ ಅವಳೇ ಗೋಪಾಲನಿಗೆ ಸಮಾಧಾನ ಹೇಳಿಬಿಟ್ಟರೆ? ಬೇರೆಯವರ ಬಾಯಿಂದ ಕೇಳಿದ ಮೇಲೆ ಅವನು ತನ್ನ ಮುಖವನ್ನು ಹಿಂದಿನಂತೆ ನೋಡಿಯಾನೇ?

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಮನೆಗೆ ಬಂದಾಗ ಗೋಪಾಲ ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಮೈಸೂರಿನವನು, ನಿವೃತ್ತನಾದ ಮೇಲೆ ಸಾರಿನ ವಿಷಯದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ.

"ರೀ, ಆ ಸ್ಟೌ ಆಫ್ ಮಾಡಿ. ಒಂದು ವಿಷಯ ಹೇಳ್ಬೇಕು."

ಅವನು ಸೌಟು ಕೆಳಗಿಟ್ಟ. ಅವಳ ಮುಖ ನೋಡಿ, "ಮಂಗಳವಾರಾನೇ ಓದ್ದೆ ಕಣೇ," ಎಂದ. "ನಿನ್ನ ಕ್ಲಿನಿಕ್ ಉಳಿಯುತ್ತೋ ಇಲ್ವೋ ಅಂತ ದಿನಾ ಆ ಸೈಟ್ ನೋಡ್ತಿದ್ದೆ."

"ಓದಿ, ಏನೂ ಆಗದೇ ಇರೋ ಹಾಗೆ ಸುಮ್ನಿದ್ರಾ?"

"ನನಗೆ ಮೊದಲೇ ಗೊತ್ತಿತ್ತು, ಕಾಂಚನಾ. ಹುಡುಗಿ ನೋಡೋಕೆ ಬಂದಿದ್ದೆನಲ್ಲ, ಅವತ್ತೇ ನಿಮ್ಮಮ್ಮ ಹಿತ್ತಿಲಿಗೆ ಕರ್ಕೊಂಡ್ ಹೋಗಿ ಹೇಳಿದ್ರು. 'ಬ್ಯಾಡ ಅನ್ನೂದಿದ್ರ ಈಗ ಹೇಳಿಬಿಡ್ರಿ. ಹೂಂ ಅಂದ್ರ, ಆಕಿ ತಾನ ಹೇಳೂತನಕ ನೀವು ಕೇಳಬ್ಯಾಡ್ರಿ' ಅಂದ್ರು. ನಾನು ಹೂಂ ಅಂದೆ. ಮಾತು ಕೊಟ್ಟಿದ್ದೆ, ಕೇಳಲಿಲ್ಲ."

ಕಾಂಚನಾಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ಸ್ವೀಡನ್ನಿನಲ್ಲಿ ಇಷ್ಟು ವರ್ಷ ನಯ ಮಾಡಿಟ್ಟುಕೊಂಡಿದ್ದ ಕನ್ನಡ ಬದಿಗೆ ಸರಿದು ಗದಗಿನ ಮಾತು ನುಗ್ಗಿಬಂತು.

"ಮೂವತ್ತೆರಡ ವರ್ಷ ನಾ ಒಬ್ಬಾಕಿನ ಹೊತ್ಕೊಂಡು ಅಡ್ಡಾಡೇನಿ! ರಾತ್ರಿ ಎಷ್ಟ ಅತ್ತೇನಿ ಗೊತ್ತೇನು? ನೀವಿಬ್ರೂ ಕೂಡಿ ಬಾಯಿ ಮುಚ್ಕೊಂಡು ಕುಂತಿದ್ರಿ! ಮಗಳ ಜೋಡಿ ಬರಾಕ ಆಗ್ಲಿಲ್ಲ, ಅಳಿಯಗ ಹೇಳಾಕ ಮಾತ್ರ ಆತು ಆಕಿಗೆ!"

ಗೋಪಾಲ ಅವಳು ಉಸಿರು ತೆಗೆದುಕೊಳ್ಳುವವರೆಗೂ ಕಾದ. "ಅದೊಂದು ಮಾತ್ರ ನೀನು ತಪ್ಪು ಬರೆದಿದ್ದೀಯ," ಎಂದ. "ಅವತ್ತು ನೀನು ಒಬ್ಬಳೇ ಇರಲಿಲ್ಲ. ನಿಮ್ಮಮ್ಮ ನಿನ್ನ ಹಿಂದೇನೇ ಇನ್ನೊಂದು ಬಸ್ಸಲ್ಲಿ ಬಂದಿದ್ರು. ಅದನ್ನೂ ಅವತ್ತೇ ಹೇಳಿದ್ರು."

"ಏನು?"

"ಒಳಗಿದ್ದ ಸಿಸ್ಟರ್‌ಗಳೆಲ್ಲ ಅವರ ಜೊತೆ ಟ್ರೈನಿಂಗ್ ಮಾಡಿದೋರಂತೆ. ಅವರು ಒಳಗೆ ಬಂದಿದ್ರೆ ಮಗಳು ಅಂತ ಗೊತ್ತಾಗಿ, ನೀನು ಊರು ಸೇರೋಕ್ ಮುಂಚೆ ಸುದ್ದಿ ಸೇರ್ತಿತ್ತು. ಅದಕ್ಕೆ ಬೆಳಿಗ್ಗೆ ಹತ್ತರಿಂದ ನಾಲ್ಕರ ತನಕ ಸೈಕಲ್ ಸ್ಟ್ಯಾಂಡ್ ಹತ್ರ ಬಿಸಿಲಲ್ಲಿ ನಿಂತಿದ್ರು. ಆಯಾ ಗಂಟೆಗೊಂದ್ಸಲ ಹೋಗಿ ನೀನು ಹೆಂಗಿದ್ದೀಯ ಅಂತ ಹೇಳಿ ಬರ್ತಿದ್ಲಂತೆ."

ಕಾಂಚನಾಗೆ ಈಗ ನೆನಪಾಯಿತು. ಹೌದು, ಆಯಾ ಎದ್ದೆದ್ದು ಹೋಗುತ್ತಿದ್ದಳು. ಎಲೆಅಡಿಕೆ ಹಾಕಿಕೊಳ್ಳುವ ಚಟಕ್ಕೆ ಎಂದುಕೊಂಡು ಮನಸ್ಸಿನಲ್ಲೇ ಶಪಿಸಿದ್ದಳು. ಸಂಜೆ ಅಮ್ಮ ಕ್ವಾರ್ಟರ್ಸಿಗೆ ಬಂದಾಗ ಮುಖ ಕಪ್ಪಿಟ್ಟಿತ್ತು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತುತ್ತು ಮಾಡಿ ತಂದರು. ಅವಳು ಗೋಡೆಯ ಕಡೆ ಹೊರಳಿ ಮಲಗಿದ್ದಳು. ಅಮ್ಮ ತಟ್ಟೆ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದು ಈಗ ಕಣ್ಣಿಗೆ ಕಟ್ಟಿತು.

"ನನಗ್ಯಾಕ ಹೇಳ್ಲಿಲ್ಲ ಆಕಿ?"

"'ಹೇಳಿದ್ರ ಅಳ್ತಾಳ' ಅಂದ್ರು."

ಅತ್ತಳು. ಅಡುಗೆಮನೆಯಲ್ಲಿ ನಿಂತು, ಚಿಕ್ಕ ಹುಡುಗಿಯ ಹಾಗೆ "ಯವ್ವಾ, ಯವ್ವಾ" ಎಂದು ಜೋರಾಗಿ ಅತ್ತಳು. ಗೋಪಾಲ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತೇ ಇದ್ದ. ಸಾರು ಆರಿಹೋಯಿತು.

ಆಮೇಲೆ ಅವಳು ಮುಖ ತೊಳೆದುಕೊಂಡು ಬಂದು ಲ್ಯಾಪ್‌ಟಾಪ್ ತೆರೆದಳು. ಇಲಾಖೆಗೆ ಇನ್ನೊಂದು ಕಾಗದ, ನಾಲ್ಕೇ ಸಾಲಿನದು. "ನನ್ನ ಹಿಂದಿನ ಉತ್ತರದಲ್ಲಿ ಒಂದು ತಪ್ಪಿದೆ. ಆ ದಿನ ನಾನು ಒಬ್ಬಳೇ ಇರಲಿಲ್ಲ. ನನ್ನ ತಾಯಿ, ನರ್ಸ್ ಪಾರ್ವತಿ, ಆರು ಗಂಟೆ ಹೊರಗೆ ನಿಂತಿದ್ದರು. ದಯವಿಟ್ಟು ಇದನ್ನೂ ಸೇರಿಸಿಕೊಳ್ಳಿ."

ಗೋಪಾಲ ಭುಜದ ಮೇಲಿಂದ ಬಗ್ಗಿ ಓದಿದ. "ಇದನ್ನೂ ಸೈಟಿಗೆ ಹಾಕ್ತಾರೆ ಕಣೇ. ಊರ್ಮಿಳಾ ಏನು, ಎಲ್ಲರೂ ಓದ್ತಾರೆ."

"ಓದಲಿ ಅಂತನ ಬರದೇನಿ," ಎಂದು ಕಾಂಚನಾ ಕಳಿಸುವ ಗುಂಡಿ ಒತ್ತಿದಳು.