ಟ್ಯಾಮರಾಕ್ ಸೇತುವೆಯ ಲಾರಿಗಳು

ವಾಂಗ್ ಆ ಸಂಖ್ಯೆಯನ್ನು ಎರಡನೆಯ ಸಲ ಓದಿದಾಗಲೂ ಮೇಜಿನ ಸುತ್ತ ಕೂತವರು ತಲೆ ಎತ್ತಲಿಲ್ಲ. ಮಾರ್ವ್ ಜೆಲ್‌ಸ್ಟಾ ಕಾಫಿ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ. ಡೆನಿಸ್ ಸ್ಕೂಬಲ್ ಕಿಟಕಿಯಾಚೆ, ಕೌಂಟಿ ರಸ್ತೆ ಇಲಾಖೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಹಿಮ ತಳ್ಳುವ ಗಾಡಿಗಳನ್ನು ನೋಡುತ್ತಿದ್ದಳು. ತಟ್ಟೆಯಲ್ಲಿದ್ದ ಹ್ಯಾಮ್ ಬನ್ನುಗಳನ್ನು ಯಾರೂ ಮುಟ್ಟಿರಲಿಲ್ಲ.

"ದಿನಕ್ಕೆ ಇಷ್ಟೇ ಲಾರಿ ಹೋಗೋ ಸೇತುವೆಗೆ ರಾಜ್ಯದ ದುಡ್ಡು ಯಾಕೆ ಅಂತ ನಮ್ಮ ಮೇಲಿನೋರು ಕೇಳ್ತಾರೆ," ಎಂದ ವಾಂಗ್. "ನಾನೇನು ಹೇಳ್ಲಿ?"

ರಾಜಧಾನಿ ಮ್ಯಾಡಿಸನ್ನಿನಿಂದ ಬಂದಿದ್ದ ವಾಂಗ್ ರಾಜ್ಯದ ಸರಕು ಸಾಗಣೆ ನಿಧಿಯ ಅಧಿಕಾರಿ. ಅವನ ಪ್ರಶ್ನೆ ಲೋರ್ನಾ ವಾಂಡಹೈಗೆ. ಆರು ಕೌಂಟಿಗಳ ಸಾಗಣೆಯ ಯೋಜನೆ ಮಾಡುವ ಕಚೇರಿ ಅವಳದು, ಎಣಿಕೆಯೂ ಅವಳದೇ. ಟ್ಯಾಮರಾಕ್ ಹೊಳೆಯ ಸೇತುವೆಗೆ ವಯಸ್ಸಾಗಿತ್ತು. ಅದು ಹೊರಬಹುದಾದ ತೂಕದ ಮಿತಿಯನ್ನು ಆಗಲೇ ಒಮ್ಮೆ ಇಳಿಸಿದ್ದರು. ವಸಂತದಲ್ಲಿ ಮತ್ತೆ ಇಳಿಸಿದರೆ ಮರದ ದಿಮ್ಮಿ ಹೊತ್ತ ಲಾರಿಗಳು ಹೆದ್ದಾರಿಯಲ್ಲಿ ಬಳಸಿಕೊಂಡು ಬರಬೇಕು. ಹಾಗಾದರೆ ಇಲ್ಲಿನ ತಮ್ಮ ದಿಮ್ಮಿ ಅಂಗಳ ಮುಚ್ಚುತ್ತೇವೆಂದು ಸಾಮಿಲ್ಲಿನವರು ಹೇಳಿದ್ದರು. ಹೊಸ ಸೇತುವೆಗೆ ಉಳಿದಿದ್ದ ದಾರಿ ಈ ನಿಧಿಯೊಂದೇ. ಕೌಂಟಿ, ಮಿಲ್ಲು, ಲಾರಿ ಮಾಲೀಕರು ಎಲ್ಲರೂ ಕೂಡಿ ಕೇಳಬೇಕೆಂಬುದು ಅದರ ಷರತ್ತು.

ಕೌಂಟಿ, ಮಿಲ್ಲು ಒಪ್ಪಿದ್ದವು; ಲಾರಿ ಮಾಲೀಕರನ್ನು ಕೂಡಿಸುವುದೇ ಕಷ್ಟವಾಗಿತ್ತು. ಆ ಭಾಗದಲ್ಲಿ ದಿಮ್ಮಿ ಸಾಗಿಸುವವರು ಇಬ್ಬರೇ, ಮಾರ್ವ್ ಮತ್ತು ಡೆನಿಸ್. ಒಂದೇ ಕಾಡಿಗೆ ಇಬ್ಬರೂ ದರ ಹೇಳುವವರು. ಯಾರ ಲಾರಿ ಎಷ್ಟು ಸಲ ಓಡುತ್ತದೆ ಎಂಬುದನ್ನು ಒಬ್ಬರ ಎದುರಿಗೆ ಇನ್ನೊಬ್ಬರು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಲೋರ್ನಾ ರಸ್ತೆಯ ಮೇಲೆ, ಗಾಲಿ ಹಾಯ್ದಾಗಲೆಲ್ಲ ಲೆಕ್ಕ ಹಿಡಿಯುವ ರಬ್ಬರ್ ಕೊಳವೆ ಹಾಸಿ ಎಣಿಸಿದ್ದಳು. ಕೊಳವೆಗೆ ಲಾರಿ ಯಾರದೆಂದು ಗೊತ್ತಾಗುವುದಿಲ್ಲ.

"ಯಾವ ವಾರ ಎಣಿಸಿದ್ದು?" ವಾಂಗ್ ಕೇಳಿದ.

ನವೆಂಬರಿನ ಕೊನೆ ಎಂದು ಲೋರ್ನಾ ಹೇಳತೊಡಗಿದಳು. ಕೊಳವೆಗಳು ಅಲ್ಲಿಯವರೆಗೆ ಪಕ್ಕದ ಕೌಂಟಿಯಲ್ಲಿದ್ದವು. ಹಿಮ ಬೀಳುವುದರೊಳಗೆ ಮುಗಿಸಬೇಕಿತ್ತು. ಥ್ಯಾಂಕ್ಸ್‌ಗಿವಿಂಗ್ ರಜೆ ಲೆಕ್ಕವನ್ನು ಕೆಡಿಸದಿರಲಿ ಎಂದು ಅದಕ್ಕೆ ಮೊದಲಿನ ಸೋಮವಾರ, ಮಂಗಳವಾರ... ಅಷ್ಟು ಹೇಳಿ ನಿಲ್ಲಿಸಿದಳು. ಮಾರ್ವ್‌ನ ಹೆಬ್ಬೆರಳೂ ಲೋಟದ ಅಂಚಿನಲ್ಲಿ ನಿಂತಿತು.

ಆ ವಾರ ಅವಳ ಮನೆಗೆ ಎಂದೂ ಕ್ಯಾಲೆಂಡರಿನಿಂದ ಬಂದದ್ದಲ್ಲ. ಗಂಡ ರಸ್ ತನ್ನ ಕಿತ್ತಳೆ ಕೋಟನ್ನು ಸೋಪಿಲ್ಲದೆ ಬರೀ ನೀರಿನಲ್ಲಿ ಜಾಲಿಸಿ, ಮನುಷ್ಯರ ವಾಸನೆ ಹೋಗಲೆಂದು ಹಿಂದಿನ ಜಗಲಿಯಲ್ಲಿ ದಿನಗಟ್ಟಲೆ ತೂಗುಹಾಕುತ್ತಿದ್ದ. ಕೋಟು ಜಗಲಿಗೆ ಬಂತೆಂದರೆ ಬೇಟೆಯ ಋತು ಬಂತೆಂದು ಅರ್ಥ. ಹೋದ ಏಪ್ರಿಲ್‌ನಲ್ಲಿ ರಸ್ ತೀರಿಕೊಂಡ. ನವೆಂಬರಿನಲ್ಲಿ ಜಗಲಿ ಖಾಲಿಯಿತ್ತು.

"ಅದು ಜಿಂಕೆ ಬೇಟೆಯ ವಾರ," ಎಂದಳು ಲೋರ್ನಾ.

ವಾಂಗ್ ಪೆನ್ನನ್ನು ಕೆಳಗಿಟ್ಟ. ಅವನೂ ಇದೇ ರಾಜ್ಯದ ವಾಸಾ ಊರಿನಲ್ಲಿ ಬೆಳೆದವನು. ಆ ಸೋಮವಾರ ಅಣ್ಣತಮ್ಮಂದಿರ ಜೊತೆ ಜಿಂಕೆಗೆ ಹೊಂಚು ಹಾಕಿ ಮರದ ಮೇಲೆ ಕೂತಿದ್ದವನು. ಬೇಟೆಯ ವಾರದಲ್ಲಿ ಕಾಡಿನಲ್ಲಿ ಗರಗಸ ಓಡುವುದಿಲ್ಲ, ದಿಮ್ಮಿ ಹೊರಡುವುದಿಲ್ಲ, ಚಾಲಕರೆಲ್ಲ ಕೋವಿ ಹಿಡಿದು ಹೋಗಿರುತ್ತಾರೆ. ಉತ್ತರದ ಕೌಂಟಿಗಳಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ ಅದು.

"ಯಾರೂ ಹೇಳ್ಲಿಲ್ವಾ?" ಎಂದು ಅವನು ಎಲ್ಲರನ್ನೂ ಕೇಳಿದ.

ಮಾರ್ವ್ ಲೋಟವನ್ನು ದೂರ ಸರಿಸಿದ. "ಲೋರ್ನಾ ಕಚೇರಿ ಹುಡುಗ್ರು ಕೊಳವೆ ಹಾಸ್ತಾ ಇದ್ರು. ನಾನು ಪಕ್ಕದಲ್ಲೇ ಪಿಕಪ್ಪಲ್ಲಿ ಹೋದೆ. ಕೋವಿ ಹಿಂದಿನ ಸೀಟಲ್ಲಿತ್ತು. ಕೈ ಬೀಸಿದೆ."

"ಕೈ ಬೀಸಿದ್ಯಾ?" ಎಂದಳು ಲೋರ್ನಾ.

"ಅವ್ರೂ ಬೀಸಿದ್ರು."

"ನಿನ್ ಹತ್ರ ಬೇಟೆ ಮಾತು ಎತ್ತೋದು ಹೇಗೆ ಅಂತ, ಲೋರ್ನಾ," ಎಂದಳು ಡೆನಿಸ್, ಕಿಟಕಿಯಿಂದ ಮುಖ ತಿರುಗಿಸದೆ. "ರಸ್ ಹೋಗಿ ವರ್ಷನೂ ಆಗಿರ್ಲಿಲ್ಲ. ಬೇರೆ ಯಾರಾದ್ರೂ ಹೇಳ್ತಾರೆ ಅಂದ್ಕೊಂಡೆ."

ಲೋರ್ನಾ ತಲೆಯಾಡಿಸಿದಳು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಣಿಕೆಯ ಹಾಳೆಯನ್ನು ಮಗುಚಿ ಇಟ್ಟಳು.

ಮತ್ತೆ ಎಣಿಸುವಂತಿರಲಿಲ್ಲ. ಫೆಬ್ರವರಿಯಲ್ಲಿ ಕೊಳವೆ ಹಾಸಿದರೆ ಹಿಮ ತಳ್ಳುವ ಗಾಡಿಯ ಅಲಗು ಅದನ್ನು ಮೊದಲ ಸುತ್ತಿಗೇ ಕಿತ್ತೆಸೆಯುತ್ತದೆ. ಅರ್ಜಿಯ ಗಡುವು ಶುಕ್ರವಾರಕ್ಕೆ ಮುಗಿಯುತ್ತದೆ. ಇನ್ನೊಂದು ದಾರಿಗೆ ನಿಯಮದಲ್ಲಿ ಅವಕಾಶವಿದೆ ಎಂದು ವಾಂಗ್ ನಿಧಾನವಾಗಿ ವಿವರಿಸಿದ. ಮಾಲೀಕರು ತಮ್ಮ ಲಾರಿಗಳ ವರ್ಷದ ಓಡಾಟವನ್ನು ತಾವೇ ಅವನೆದುರು ಹೇಳಿ ಸಹಿ ಹಾಕಿದರೆ ರಾಜ್ಯ ಅದನ್ನು ಒಪ್ಪುತ್ತದೆ. ಯಾರದು ಎಷ್ಟೆಂದು ಅವನು ಹೊರಗೆ ಬಿಡುವುದಿಲ್ಲ. ಅರ್ಜಿಯಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ.

ಮಾರ್ವ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಹೇಳ್ತೀನಿ. ಆದ್ರೆ ಇವಳು ಇಲ್ಲಿರೋವಾಗಲ್ಲ."

ಡೆನಿಸ್ ಮೊದಲ ಸಲ ನಕ್ಕಳು. "ಅಲ್ಲ ಮಾರ್ವ್, ಇರೋದೇ ನಾವಿಬ್ರು. ಒಟ್ಟು ಮೊತ್ತ ಹೊರಗೆ ಬರುತ್ತೆ. ಅದ್ರಲ್ಲಿ ನನ್ನದು ಕಳೆದ್ರೆ ಉಳಿಯೋದು ನಿನ್ನದೇ. ಕಳೆಯೋ ಲೆಕ್ಕ ನಂಗೆ ಬರುತ್ತಪ್ಪ."

"ನಂಗೂ ಬರುತ್ತೆ."

"ಮತ್ತೆ?"

"ಮತ್ತೇನಿಲ್ಲ. ನೀನೇ ಮೊದ್ಲು ಹೇಳು. ನಾನು ಆಚೆ ಇರ್ತೀನಿ."

ಅವನು ಎದ್ದು ಹೋದ. ಬಾಗಿಲಿನಿಂದ ಒಮ್ಮೆ ಒಳನುಗ್ಗಿದ ಚಳಿ ಕೈ ಒರೆಸುವ ಕಾಗದಗಳನ್ನು ಮೇಜಿನಿಂದ ಹಾರಿಸಿತು. ಲೋರ್ನಾ ಬಗ್ಗಿ ಅವನ್ನು ಆರಿಸಿಕೊಂಡು ಏಳುವಾಗ ಡೆನಿಸ್ ತನ್ನ ಸಂಖ್ಯೆಯನ್ನು ಹೇಳಿಯಾಗಿತ್ತು. ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಲೋರ್ನಾ ವಾಂಗ್‌ನ ಮುಖ ನೋಡಿದಳು. ಊರಿನಲ್ಲಿ ಎಲ್ಲರೂ ಅಂದುಕೊಂಡಿದ್ದರ ಅರ್ಧದಷ್ಟೂ ಇರಲಿಲ್ಲ ಅದು.

"ಮೂರು ಗಾಡಿ ಶೆಡ್ಡಲ್ಲೇ ಇವೆ," ಎಂದಳು ಡೆನಿಸ್. "ಬೇಸಗೆಯಿಂದ. ಬಾಗಿಲು ಹಾಕಿಟ್ಟಿರ್ತೀನಿ, ಯಾರಿಗೂ ಕಾಣಲ್ಲ. ಇದು ಮಿಲ್ಲಿನೋರ ಕಿವಿಗೆ ಬಿದ್ರೆ ಮುಂದಿನ ಗುತ್ತಿಗೆ ಪೂರ್ತಿ ಮಾರ್ವ್‌ಗೇ ಹೋಗುತ್ತೆ."

ಬೇಡವೆನಿಸಿದರೆ ಈಗಲೂ ಸಹಿ ಹಾಕದೆ ಇರಬಹುದು ಎಂದು ಲೋರ್ನಾ ತಗ್ಗಿದ ದನಿಯಲ್ಲಿ ಹೇಳಿದಳು. ಹೇಳುತ್ತಿರುವಂತೆಯೇ, ಡೆನಿಸ್ ಹೂಂ ಎಂದುಬಿಟ್ಟರೆ ಏನು ಮಾಡುವುದೆಂದು ಅವಳಿಗೆ ಭಯವಾಯಿತು.

"ಸೇತುವೆ ಇಲ್ದಿದ್ರೆ ಯಾವ ಗುತ್ತಿಗೆ?" ಡೆನಿಸ್ ಸಹಿ ಹಾಕಿದಳು. ಮಾರ್ವ್ ಮೇಜಿನ ಮೇಲೆ ಬಿಟ್ಟುಹೋಗಿದ್ದ ಉಣ್ಣೆಯ ಟೊಪ್ಪಿಯನ್ನು ಎತ್ತಿಕೊಂಡು ಹೊರಗೆ ನಡೆದಳು.

ಮಾರ್ವ್ ಟೊಪ್ಪಿ ಹಾಕಿಕೊಂಡೇ ಒಳಗೆ ಬಂದ. ತನ್ನ ಸಂಖ್ಯೆಯನ್ನು ನಿಂತೇ ಹೇಳಿ, ನಿಂತೇ ಸಹಿ ಹಾಕಿದ. ವಾಂಗ್ ಕೂಡಿಸತೊಡಗಿದಾಗ ಅವನು ಮೇಜಿನಿಂದ ದೂರ ಸರಿದು, ರಸ್ತೆ ಕೆಲಸದವರು ಕೋಟು ತೂಗುಹಾಕಿದ್ದ ಗೋಡೆಯ ಕಡೆಗೆ ಮುಖ ಮಾಡಿ ನಿಂತ.

ವಾಂಗ್ ಇನ್ನೊಮ್ಮೆ ಕೂಡಿಸಿದ. ಆಮೇಲೆ ಕಾಗದವನ್ನು ಲೋರ್ನಾಳ ಕಡೆಗೆ ತಿರುಗಿಸಿದ. ಮೊತ್ತ ನಿಧಿಗೆ ಬೇಕಾದ ಕನಿಷ್ಠ ಗೆರೆಯನ್ನು ದಾಟಿತ್ತು, ಸ್ವಲ್ಪವೇ.

"ಆಯ್ತಾ?" ಗೋಡೆಗೆ ಕೇಳುವಂತೆ ಮಾರ್ವ್ ಕೇಳಿದ.

"ಆಯ್ತು. ತಿರುಗಬಹುದು, ಮಾರ್ವ್," ಎಂದಳು ಲೋರ್ನಾ.

ಅವನು ತಿರುಗಲಿಲ್ಲ. "ಮೊದ್ಲು ಕಾಗದ ಮಡಚು," ಎಂದ. "ಕಳೆಯೋ ಲೆಕ್ಕ ನಂಗೂ ಬರುತ್ತೆ."

ಅವಳು ಮಡಚಿದಳು. ಡೆನಿಸ್‌ಳನ್ನು ಕರೆಯಲು ಕಿಟಕಿಯ ಹತ್ತಿರ ಹೋದಳು. ಹೊರಗೆ ಹಿಮ ಶುರುವಾಗಿತ್ತು. ಡೆನಿಸ್ ಅಂಗಳದ ನಡುವೆ ಕಟ್ಟಡಕ್ಕೆ ಬೆನ್ನು ಹಾಕಿ, ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ನಿಂತಿದ್ದಳು. ಅವಳ ಹೆಗಲ ಮೇಲೆ ಆಗಲೇ ಬೆಳ್ಳಗೆ ಕೂತಿತ್ತು. ಲೋರ್ನಾ ಗಾಜು ತಟ್ಟಲು ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡಳು. ಅಷ್ಟರಲ್ಲಿ ಗೇಟಿನಾಚೆ ದಿಮ್ಮಿ ತುಂಬಿದ ಮಾರ್ವ್‌ನ ಲಾರಿಯೊಂದು ಸೇತುವೆಯ ಕಡೆಗೆ ಹೋಯಿತು. ಒಳಗಿದ್ದವರಲ್ಲಿ ಅವಳೊಬ್ಬಳೇ ಅದನ್ನು ನೋಡಿದ್ದು. ಡೆನಿಸ್ ತಲೆ ತಗ್ಗಿಸಿ ತನ್ನ ಬೂಟುಗಳನ್ನು ನೋಡಿಕೊಂಡಳು, ಲಾರಿ ದಾಟಿಹೋಗುವವರೆಗೂ.