ಕುರ್ಚಿ ತೊಟ್ಟ ಕೋಟು

"ಸೂರ್ಯನೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ತಾನೆ, ನಾವು ಯಾವಾಗಪ್ಪಾ ಹೋಗೋದು?" ಎಂದು ಮಿಸಾವೊ ಕಿಟಕಿಯತ್ತ ನೋಡುತ್ತ ಕೇಳಿದಳು.

ಒಸಾಕಾದ ಆ ಕೊಡೆ ಕಂಪನಿಯಲ್ಲಿ ಮೇಲಧಿಕಾರಿ ಏಳುವ ಮೊದಲು ಯಾರೂ ಏಳುವಂತಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯದ ಕಟ್ಟಳೆಯೇ ಬಲು ಗಟ್ಟಿ. ಕೆಲಸವೇನೋ ಐದಕ್ಕೇ ಮುಗಿದಿತ್ತು. ಪಕ್ಕದ ತಾದೊಕೊರೊ ಒಂದೇ ಸಾಲನ್ನು ಟೈಪು ಮಾಡುತ್ತ, ಅಳಿಸುತ್ತ, ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದ.

ಮಿಸಾವೊ ಮಂದಿರದ ಸ್ತೋತ್ರಮೇಳಕ್ಕೆ ಹೋಗಲೇಬೇಕಿತ್ತು. ಅಜ್ಜಿ ಹಾಡುತ್ತಿದ್ದ ಪದಗಳನ್ನು ಮುಂದೆ ಕೂತು ಎತ್ತಿಕೊಡುವ ಸರದಿ ಈ ಸಲ ಅವಳದು. ಇಂದು ತಪ್ಪಿಸಿದರೆ ಅದು ಬೇರೆಯವರ ಪಾಲು. ಹಾಡಿನ ಅಭ್ಯಾಸಕ್ಕೆ ಹೋಗಲೆಂದು ತಿಂಗಳಿಂದ ನಡೆಸಿದ್ದ ಉಪಾಯವನ್ನೇ ಹೂಡಿದಳು. ಕೋಟನ್ನು ಕುರ್ಚಿಗೆ ತೊಡಿಸಿ, ಉಗ್ರಾಣಕ್ಕೆ ಹೊರಟವಳಂತೆ ಹಿಂದಿನ ಮೆಟ್ಟಿಲಿಳಿದಳು. ಕೋಟಿದ್ದರೆ ಆಳೂ ಇದ್ದಂತೆಯೇ.

ಬೀದಿಗೆ ಬಂದಾಗ ನೆನಪಾಯಿತು: ಕೈಗಂಟೆ ಮೇಜಿನ ಖಾನೆಯಲ್ಲೇ ಉಳಿದಿದೆ. ಗಂಟೆಯಿಲ್ಲದೆ ಪದ ಎತ್ತುವುದುಂಟೆ? ಮರಳಿ ಬಂದು, ಗಂಟೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕಳ್ಳಹೆಜ್ಜೆಯಲ್ಲಿ ಹಜಾರ ದಾಟುವಾಗ ಅದು ಠಣ್ ಎಂದಿತು.

ಕಾಫಿ ಯಂತ್ರದ ಮುಂದೆ ನಿಂತಿದ್ದ ಮೇಲಧಿಕಾರಿ ಕುರೊಸೆ ತಿರುಗಿದರು.

"ಮುಗೀತೇನಮ್ಮಾ ಕೆಲಸ?" ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. "ನನ್ನ ಜಾಗದಿಂದ ಕಾಣೋದು ನಿನ್ನ ಕೋಟಿನ ಬೆನ್ನೊಂದೇ. ಅದು ಏಳಲಿ ಅಂತ ತಿಂಗಳಿಂದ ಕಾಯ್ತಿದೀನಿ. ನೀನು ದುಡೀತಿರೋವಾಗ ನಾನು ಯಾವ ಮುಖ ಇಟ್ಕೊಂಡು ಎದ್ದು ಹೋಗ್ಲಿ? ಮನೇಲಿ ದಿನಾ ತಣ್ಣಗಾದ ಸಾರು."

ಮಿಸಾವೊಗೆ ಆಗ ಹೊಳೆಯಿತು. ಕೋಟಿಗಾಗಿ ಇವರು ಕಾದರು, ಇವರಿಗಾಗಿ ಇಡೀ ವಿಭಾಗ ಕಾಯಿತು.

"ಸಾರ್, ನಾನು ಇಲ್ಲಿರ್ತಾನೇ ಇರ್ಲಿಲ್ಲ. ದುಡೀತಿದ್ದಿದ್ದು ಕೋಟು. ನನ್ನ ಕೆಲಸ ಐದಕ್ಕೇ ಮುಗಿಯುತ್ತೆ."

ಕುರೊಸೆ ಯಂತ್ರದಿಂದ ತೆಗೆದ ಕಾಫಿ ಡಬ್ಬಿಯನ್ನು ಎರಡು ಸಲ ತಿರುಗಿಸಿ ನೋಡಿದರು. "ನಂದೂ ಐದಕ್ಕೇ. ಆಮೇಲೆ ಕೊಡೆ ಬಣ್ಣಗಳ ಪಟ್ಟಿ ಓದ್ತಾ ಕೂರ್ತೀನಿ. ಈಗ ಪೂರ್ತಿ ಬಾಯಿಪಾಠ."

ಮಿಸಾವೊ ಒಳಹೋಗಿ, ಎಲ್ಲರ ಕಣ್ಣೆದುರೇ ಕೋಟು ತೊಟ್ಟು ಬಂದಳು. ತಾದೊಕೊರೊನ ಬೆರಳು ಅಳಿಸುವ ಗುಂಡಿಯ ಮೇಲೇ ನಿಂತಿತ್ತು.

ಕುರೊಸೆ ಅವಳ ಹಿಂದೆಯೇ ಮೆಟ್ಟಿಲವರೆಗೆ ಬಂದು ಪಿಸುಗುಟ್ಟಿದರು: "ಒಂದು ಉಪಕಾರ ಮಾಡು. ಕೋಟನ್ನ ಆಳು ಕೂತ ಹಾಗೆ ಕೂರಿಸೋದು ನಂಗೂ ಹೇಳ್ಕೊಡು. ನಾಳೆಯಿಂದ ನಾನೂ ಹಿಂದಿನ ಮೆಟ್ಟಿಲಲ್ಲೇ ಇಳ್ಕೋತೀನಿ."

"ಹೇಳ್ಕೊಡಲ್ಲ ಸಾರ್," ಎಂದಳು ಮಿಸಾವೊ. "ನಿಮ್ಮ ಕೋಟು ಕೂತ್ರೆ ಒಳಗಿರೋರು ಯಾರೂ ಏಳಲ್ಲ."