ನೀಲವ್ವನ ಮನೆಯ ಒಳಚಿಲಕ

ನಾನು ಒಂದು ಚಿಲಕ. ಬೀದಿ ಬಾಗಿಲಿನ ಅಗಳಿಯಲ್ಲ, ಬೀಗ ಹೊತ್ತು ನಿಲ್ಲುವ ಕೊಂಡಿಯೂ ಅಲ್ಲ. ಕೋಣೆಯ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಹೊರಗೆ ನಿಂತವರಿಗೆ ನಾನು ಕಾಣುವುದಿಲ್ಲ, ಖಟಕ್ ಎನ್ನುವ ನನ್ನ ಸದ್ದಷ್ಟೇ ಕೇಳುತ್ತದೆ. ಗೇಣುದ್ದದ ಕಬ್ಬಿಣ, ತುದಿಗೊಂದು ಹಿತ್ತಾಳೆಯ ಗುಂಡಿ. ಆ ಗುಂಡಿಯ ಬಗ್ಗೆ ನನಗೆ ಸ್ವಲ್ಪ ಜಂಬವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಗುಳೇದಗುಡ್ಡದ ಕಮ್ಮಾರ ಕಾಳಪ್ಪನ ಕುಲುಮೆಯಲ್ಲಿ, ಮುರಿದ ಚಕ್ಕಡಿಯ ಅಚ್ಚಿನಿಂದ. ಒಂದು ನಾಟಕ ಕಂಪನಿಯವರು ಹೆಂಗಸರು ಬಣ್ಣ ಹಚ್ಚಿಕೊಳ್ಳುವ ಕೋಣೆಗೆಂದು ನನ್ನನ್ನು ಮಾಡಿಸಿದರು. ತಿದಿ ಒತ್ತುತ್ತಿದ್ದ ಕಾಳಪ್ಪನ ಹೆಂಡತಿ, "ಬರೇ ಕಡ್ಡಿ ಮಾಡಿದ್ರ ಹೆಣ್ಮಕ್ಕಳ ಕೈಗೆ ಚುಚ್ಚತೈತಿ, ಒಂದು ಗುಂಡಿ ಹಚ್ಚು" ಎಂದಳು. ಕಾಳಪ್ಪ ಗೊಣಗುತ್ತಲೇ ಹಚ್ಚಿದ. ಅವಳಿಂದಲೇ ನನಗೆ ಈ ರೂಪ ಬಂತು.

ಆರು ವರ್ಷ ಆ ಕಂಪನಿಯ ಜೊತೆ ಊರೂರು ತಿರುಗಿದೆ. ತಗಡಿನ ಗೋಡೆ, ಹಲಗೆಯ ಬಾಗಿಲು, ನಡುವೆ ನಾನು. ರಾಣಿಯ ಪಾತ್ರದವಳು ಕಿರೀಟ ಇಳಿಸುವ ಮೊದಲು ನನ್ನನ್ನು ಸರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು. ಹೊರಗೆ ಯಾರೋ ಊರ ಗೌಡರ ಕಡೆಯವರು ಬಾಗಿಲು ದೂಡಿ ನೋಡುತ್ತಿದ್ದರು. ನಾನು ಜಗ್ಗುತ್ತಿರಲಿಲ್ಲ. ಏನೇ ಆದರೂ ಜಗ್ಗಬಾರದು ಎಂಬ ಪಾಠ ನನಗೆ ಅಲ್ಲೇ ಆಯಿತು. ಮುಂದೊಂದು ದಿನ ಅದೇ ಪಾಠ ಮುಳುವಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು!

ಕಂಪನಿ ಬಾದಾಮಿಯಲ್ಲಿ ಮುಚ್ಚಿಹೋಯಿತು. ಹಲಗೆಗಳ ಜೊತೆ ನಾನು ಬಡಿಗನ ಪಾಲಾದೆ. ಅಲ್ಲಿಂದ ನನ್ನನ್ನು ಆರಿಸಿಕೊಂಡು ಹೋದವರು ಪೋಸ್ಟ್ ಮಾಸ್ತರ ಗುರುಪಾದಪ್ಪ. ಗುಡ್ಡದ ಬುಡದಲ್ಲಿ ಕೆಂಪು ಕಲ್ಲಿನ ಮನೆ. ಹೆಂಡತಿ ನೀಲವ್ವ, ಮಗ ಅಶೋಕ. ನಡುಕೋಣೆಯ ಬಾಗಿಲಿಗೆ ಮಾಸ್ತರರು ತಾವೇ ಮೊಳೆ ಹೊಡೆದು ನನ್ನನ್ನು ಕೂರಿಸಿದರು. ಮಧ್ಯಾಹ್ನ ಊಟವಾದ ಮೇಲೆ ಒಳಗೆ ಬಂದು ಚಿಲಕ ಹಾಕಿ ಮಲಗುವುದು ಅವರ ಪದ್ಧತಿ. ಹಾಕದಿದ್ದರೆ ನೀಲವ್ವ ಐದು ನಿಮಿಷಕ್ಕೊಮ್ಮೆ ಬಂದು, ಕೊತ್ತಂಬರಿ ತಂದಿರೋ ಇಲ್ಲವೋ, ಹಾಲಿನವನಿಗೆ ಏನು ಹೇಳಿದಿರಿ ಎಂದು ಕೇಳುತ್ತಿದ್ದಳು. ಬಾಯಿಬಡಕಿಯೇನಲ್ಲ, ಗಂಡನ ದನಿ ಕೇಳುತ್ತಿರಬೇಕು ಅವಳಿಗೆ, ಅಷ್ಟೇ.

ಹತ್ತೊಂಬತ್ತು ವರ್ಷದ ಹಿಂದಿನ ಒಂದು ಬೇಸಿಗೆ. ಅಂದು ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. ಕಾರಣ ದೊಡ್ಡದೇನಲ್ಲ, ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಮಾಸ್ತರರು ಮುಖ ಊದಿಸಿಕೊಂಡೇ ಬಂದು ಖಟಕ್ಕೆಂದು ನನ್ನನ್ನು ಹಾಕಿ ಮಲಗಿದರು. ಮೂರು ಗಂಟೆಯ ಹೊತ್ತಿಗೆ ಎದ್ದು ಕುಳಿತರು. ಎದೆ ಹಿಡಿದುಕೊಂಡರು. ನನ್ನ ಕಡೆ ಕೈ ಚಾಚಿ ಎರಡು ಹೆಜ್ಜೆ ಬಂದರು, ಮೂರನೆಯದು ಬರಲಿಲ್ಲ.

ನಾಲ್ಕಕ್ಕೆ ನೀಲವ್ವ ಚಹಾ ತಂದು ಬಾಗಿಲು ಬಡಿದಳು. ಉತ್ತರವಿಲ್ಲ. "ಇನ್ನೂ ಸಿಟ್ಟು ಇಳದಿಲ್ಲೇನ್ರಿ?" ಎಂದಳು. ಆಮೇಲೆ, "ಇರ್ಲಿ, ಇಳದ ಮ್ಯಾಲೆ ಬರ್ರಿ" ಎಂದು ಹೋದಳು. ಒಂದು ತಾಸು ಕಾದಳು. ನನಗೆ ಎಲ್ಲ ಕಾಣುತ್ತಿತ್ತು, ಕೂಗಲು ಬಾಯಿರಲಿಲ್ಲ. ಐದಕ್ಕೆ ಅಕ್ಕಪಕ್ಕದವರು ಹಾರೆ ತಂದು ಬಾಗಿಲು ಮೀಟಿದಾಗಲೂ ನಾನು ಕಲಿತ ಬುದ್ಧಿ ಬಿಡದೆ ಹಿಡಿದುಕೊಂಡೇ ಇದ್ದೆ. ಕೊನೆಗೆ ಮೊಳೆ ಸಮೇತ ಕಿತ್ತು ಬಂದೆ. ವೈದ್ಯರು ನಾಡಿ ಹಿಡಿದು, "ಒಂದ್ ತಾಸು ಮೊದಲ ಬಾಗಲಾ ತಗದಿದ್ರ ಉಳೀತಿದ್ರು" ಎಂದರು. ಅವರು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ತಾನು ಕಾದ ಆ ಒಂದು ತಾಸಿನ ಸುದ್ದಿಯನ್ನು ನೀಲವ್ವ ಯಾರಿಗೂ ಹೇಳಲಿಲ್ಲ. ಸಿಟ್ಟೆಲ್ಲ ನಮ್ಮ ಕುಲದ ಮೇಲೆ ತಿರುಗಿತು. ಮನೆಯ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಕೀಳಿಸಿದಳು, ಬಚ್ಚಲಿನದನ್ನೂ ಬಿಡಲಿಲ್ಲ. ಉಳಿದವು ಗುಜರಿಗೆ ಹೋದವು. ನನ್ನನ್ನು ಮಾತ್ರ ಯಾಕೋ ಒಂದು ತಗಡಿನ ಡಬ್ಬಿಗೆ ಹಾಕಿ ಅಡುಗೆಮನೆಯ ಗೂಡಿನಲ್ಲಿಟ್ಟಳು. ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲವಾದ್ದರಿಂದ ಮನೆಯ ಸುದ್ದಿಗೆ ನನಗೇನೂ ಬರವಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಒಂದು ಕಾನೂನು ಜಾರಿಯಾಯಿತು. ಬಚ್ಚಲಿಗೆ ಹೋದವರು ಬಾಗಿಲ ಮೇಲೆ ಟವೆಲ್ ಹಾಕಬೇಕು, ಒಳಗಿರುವಷ್ಟು ಹೊತ್ತೂ ಹಾಡುತ್ತಿರಬೇಕು. ಹಾಡು ಬಾರದವರು ಕೆಮ್ಮಿದರೂ ನಡೆಯುತ್ತಿತ್ತು. ಹಾಡು ನಿಂತರೆ ನೀಲವ್ವ ಒಳಗೇ ನುಗ್ಗುತ್ತಿದ್ದಳು. ಒಮ್ಮೆ ಬೀಗರೊಬ್ಬರು ಸೋಪು ಹಚ್ಚಿಕೊಳ್ಳುತ್ತ ಹಾಡು ಮರೆತು, ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ಅಶೋಕನನ್ನು ಮದುವೆಯಾಗಿ ಬಂದ ಪ್ರಭಾವತಿ ಹನ್ನೆರಡು ವರ್ಷ ಹಾಡಿಕೊಂಡೇ ಸ್ನಾನ ಮಾಡಿದಳು.

ಪ್ರಭಾವತಿ ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿನಲ್ಲಿ ಬಂದವರ ಹೆಸರು ಬರೆದುಕೊಂಡು ಕೀಲಿ ಕೊಡುವ ಕೆಲಸ ಮಾಡುತ್ತಿದ್ದಳು. ಅಶೋಕ ಬಸ್ ಚಾಲಕ, ಮನೆಗೆ ಬರುವುದು ವಾರಕ್ಕೆರಡು ದಿನ. ಹೋದ ವರ್ಷ ಲಾಡ್ಜ್ ಮುಚ್ಚಿದಾಗ ಅವಳು ಹತ್ತು ದಿನ ಸುಮ್ಮನಿದ್ದು ಹನ್ನೊಂದನೆಯ ದಿನ ಅತ್ತೆಯ ಮುಂದೆ ಕುಳಿತಳು.

"ಅತ್ತೀ, ನಡುಕೋಣಿ ಖಾಲಿನ ಬಿದ್ದೈತಿ. ಗುಹೆ ನೋಡಾಕ ಬಂದವರಿಗೆ ಮಲಗಾಕ ಕೊಡೂಣು. ಮುಂಜಾನೆ ನಾಷ್ಟಾ ನಾವ ಮಾಡಿ ಹಾಕೂಣು. ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅಂತಾರ ಅದಕ್ಕ."

"ಮಲಗೂದಕ್ಕೂ ತಿನ್ನೂದಕ್ಕೂ ಇಂಗ್ಲಿಷ್ ಯಾಕ ಬೇಕವಾ?" ಎಂದಳು ನೀಲವ್ವ. ಆದರೆ ಬೇಡ ಎನ್ನಲಿಲ್ಲ. ಪಡ್ಡು ಮಾಡುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಅಭಿಮಾನ ಅವಳಿಗಿತ್ತು.

ಅಂದಿನಿಂದ ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಕಿಟಕಿಗೆ ಸೊಳ್ಳೆ ಜಾಲರಿ ಬಂತು, ಕೋಣೆಗೆ ಹೊಂದಿಸಿ ಬಚ್ಚಲು ಕಟ್ಟಿದರು, ಗೋಡೆಗೆ ಸುಣ್ಣವಾಯಿತು. ಪ್ರಭಾವತಿ ಹಾಸಿಗೆಯ ಮೇಲೆ ತಾನೇ ಉರುಳಾಡಿ, ಕುಣಿ ಬಿದ್ದಲ್ಲೆಲ್ಲ ಹತ್ತಿ ತುಂಬಿಸಿದಳು. ಪರವಾನಗಿ ಕೊಡಲು ಪ್ರವಾಸೋದ್ಯಮ ಇಲಾಖೆಯ ಸಾಹೇಬರು ಬಂದು ಎಲ್ಲ ನೋಡಿ ತಲೆದೂಗಿದರು. ಕೊನೆಗೆ ಬಾಗಿಲು ಮುಚ್ಚಿ ಕೈಯಾಡಿಸಿ, "ಒಳಗಿನ ಚಿಲಕ ಎಲ್ಲೈತ್ರಿ?" ಎಂದರು.

"ಟವೆಲ್ ಹಾಕೂದ್ರಿ," ಎಂದಳು ನೀಲವ್ವ.

ಸಾಹೇಬರು ಅತ್ತೆಯನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿ, ಚಿಲಕ ಹಾಕಿಸಿದ ಮೇಲೆ ಫೋನ್ ಮಾಡಿ ಎಂದು ಹೋದರು. ನೀಲವ್ವ ಖಡಾಖಂಡಿತವಾಗಿ ಹೇಳಿದಳು: "ನಾ ಇರೂತನಾ ಈ ಮನ್ಯಾಗ ಒಳಗಿನ ಚಿಲಕ ಬ್ಯಾಡ. ನಿನ್ನ ಬೆಡ್ಡೂ ಬ್ಯಾಡ, ಬ್ರೇಕೂ ಬ್ಯಾಡ."

ಪ್ರಭಾವತಿ ಎಂಟು ದಿನ ವಾದ ಮಾಡಲಿಲ್ಲ. ಒಂಬತ್ತನೆಯ ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಬರೇ ಬಂದವರ ಸಲುವಾಗಿ ಕೇಳಾಕತ್ತಿಲ್ರಿ ಅತ್ತಿ. ಹನ್ನೆರಡು ವರ್ಷ ಆತು, ಬಚ್ಚಲದಾಗ ಹಾಡಕೋತ ನಿಂತೇನಿ. ನಮ್ಮಪ್ಪ ಸತ್ತ ಸುದ್ದಿ ಬಂದ ದಿನಾನೂ ಹಾಡೀನಿ. ನನಗೂ ಒಂದ ಸರ್ತಿ ಬಾಗಲಾ ಹಾಕ್ಕೊಂಡು ಅಳಬೇಕು ಅನಸೂದಿಲ್ಲೇನ್ರಿ?"

ಹೆಂಚಿನ ಮೇಲಿನ ರೊಟ್ಟಿ ಕರಕಾದ ವಾಸನೆ ಬಂತು. ಆಮೇಲೆ ನನ್ನ ಡಬ್ಬಿಯ ಮುಚ್ಚಳ ತೆರೆಯಿತು. ನೀಲವ್ವನ ಮುಖ ನೋಡಿದೆ, ಎಷ್ಟು ಸುಕ್ಕಾಗಿತ್ತು!

"ಹೊಸಾದು ತರಬ್ಯಾಡ. ಇದನ್ನ ಹಾಕ್ಸು," ಎಂದು ನನ್ನನ್ನು ಸೊಸೆಯ ಕೈಗಿಟ್ಟಳು. "ಇದರ ಮ್ಯಾಲೆ ನನಗ ಸಿಟ್ಟೈತಿ. ಆದ್ರ ಇದರ ಗುರ್ತೂ ಐತಿ."

ಕಮ್ಮಾರನೊಬ್ಬ ನನ್ನ ಸೊಟ್ಟ ತೆಗೆದ. ಮತ್ತೆ ಅದೇ ಬಾಗಿಲಿಗೆ ಬಂದೆ. ಹೊಸ ಮೊಳೆಗಳು ಮರಕ್ಕೆ ಇಳಿಯುವಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು. ಸಾಹೇಬರು ಬಂದು ನನ್ನನ್ನು ಎರಡು ಸಲ ಎಳೆದು ನೋಡಿ ಸಹಿ ಹಾಕಿದರು.

ಮೊದಲ ಅತಿಥಿ ಮೈಸೂರಿನ ವಿನುತಾ ಎಂಬ ಹೆಂಗಸು, ಒಬ್ಬಳೇ ಬಂದಿದ್ದಳು. ಮನೆಯಲ್ಲಿ ವರ್ಷದ ಅವಳಿ ಮಕ್ಕಳು, ಎರಡು ದಿನದ ಮಟ್ಟಿಗೆ ಅಜ್ಜಿಯ ಕೈಗೆ ಕೊಟ್ಟು ಬಂದಿದ್ದಾಳಂತೆ. "ಬೆಳಿಗ್ಗೆ ಏಳಕ್ಕೆಲ್ಲ ತಿಂಡಿ ತಿಂದು ಗುಹೆ ನೋಡೋಕೆ ಹೋಗ್ತೀನಿ ಅಜ್ಜಿ" ಎಂದು ನೀಲವ್ವನಿಗೆ ಹೇಳಿ, ಸಂಜೆ ಬೇಗನೆ ಉಂಡು ಒಳಗೆ ಬಂದಳು. ನನ್ನನ್ನು ಸರಿಸಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದವಳು ಕಲ್ಲಿನಂತೆ ನಿದ್ದೆ ಹೋದಳು.

ಬೆಳಗಾಯಿತು. ಏಳಕ್ಕೆ ಪಡ್ಡಿನ ಹಂಚು ಒಲೆಯೇರಿತು. ಎಂಟಾಯಿತು, ಒಂಬತ್ತಾಯಿತು. ಬಂದವರು ತಿನ್ನದೆ ಮನೆಯವರು ತಿನ್ನುವಂತಿಲ್ಲ, ಹಾಗಾಗಿ ಅತ್ತೆ ಸೊಸೆ ಇಬ್ಬರದೂ ಖಾಲಿ ಹೊಟ್ಟೆ. ಹತ್ತಕ್ಕೆ ನೀಲವ್ವ ಬಾಗಿಲು ಬಡಿದಳು.

"ತಂಗೀ... ಏಳವಾ."

ಉತ್ತರವಿಲ್ಲ. ಇನ್ನೊಮ್ಮೆ ಬಡಿದಳು.

"ಲಾಡ್ಜಿನಾಗ ಹಿಂಗ ಹನ್ನೆರಡರತನಾ ಮಲಗಾವರು ಇರ್ತಿದ್ರು. ಎಬ್ಬಸಬಾರದ್ರಿ," ಎಂದಳು ಪ್ರಭಾವತಿ. ದನಿಯಲ್ಲಿ ಅಳುಕಿತ್ತು.

"ಆವತ್ತೂ ನಾ ಹಿಂಗ ಅಂದುಕೊಂಡೆ!" ನೀಲವ್ವನ ದನಿ ಒಡೆಯಿತು. "ಸಿಟ್ಟಿಲೆ ಮಲಗ್ಯಾರ, ಇರ್ಲಿ ಅಂತ ಒಂದ್ ತಾಸು ಕಾದೆ. ಚಿಲಕಾ ಅಲ್ಲವಾ ಅವರನ್ನ ಕೊಂದದ್ದು, ನಾ! ಕಾದಾಕಿ ನಾ!"

ಹದಿನೆಂಟು ವರ್ಷಗಳ ಮೇಲೆ ಆ ಮಾತು ಹೊರಬಿತ್ತು. ಪ್ರಭಾವತಿ ಅತ್ತೆಯ ತೋಳು ಹಿಡಿಯಲು ಹೋದಳು. ಅಷ್ಟರಲ್ಲಿ ನೀಲವ್ವ ಹಿತ್ತಲಿಗೆ ಓಡಿ ಹಾರೆ ತಂದಳು.

ಒಳಗೆ ನನ್ನ ಎದುರಿಗೆ ವಿನುತಾ ಬಾಯಿ ತೆರೆದು ಹಾಯಾಗಿ ಗೊರಕೆ ಹೊಡೆಯುತ್ತಿದ್ದಾಳೆ. ಹೊರಗೆ ಒಂದು ಜೀವ ಒದ್ದಾಡುತ್ತಿದೆ. ನಡುವೆ ಎರಡು ಬೆರಳು ದಪ್ಪದ ಹಲಗೆ. ಅಂದು ಸಾವು ಕಂಡೂ ಹೇಳಲಾಗಲಿಲ್ಲ, ಇಂದು ಬದುಕಿದ್ದಾಳೆ ಅಂತ ಕಂಡೂ ಹೇಳಲಾಗುತ್ತಿಲ್ಲ. ಚಿಲಕದ ಜನ್ಮ ಯಾರಿಗೂ ಬೇಡ ಅನ್ನಿಸಿತು.

"ಅತ್ತಿ, ಒಡೀಬ್ಯಾಡ್ರಿ! ಮಲಗಿದವರ ಬಾಗಲಾ ಒಡದ್ರ ಈ ಮನಿಗೆ ಮತ್ತ ಯಾರ ಬರ್ತಾರ?" ಪ್ರಭಾವತಿ ಹಾರೆಯನ್ನು ಹಿಡಿದುಕೊಂಡಳು. "ಮೊದಲ ಕಿವಿ ಕೊಟ್ಟು ಕೇಳ್ರಿ. ಒಂದ ಸರ್ತಿ ಕೇಳ್ರಿ."

ನೀಲವ್ವ ಏದುಸಿರು ಬಿಡುತ್ತ ಬಾಗಿಲಿಗೆ ಕಿವಿಯಿಟ್ಟಳು, ಸರಿಯಾಗಿ ನನ್ನ ಬೆನ್ನ ಹಿಂದೆ. ಮೊದಲು ಅವಳ ಎದೆಯ ಬಡಿತವೇ ನನಗೆ ಕೇಳಿಸಿತು. ಉಸಿರು ಒಂದಿಷ್ಟು ತಗ್ಗಿದ ಮೇಲೆ ಒಳಗಿನ ಸದ್ದು ಅವಳಿಗೂ ಮುಟ್ಟಿರಬೇಕು.

"ಪ್ರಭಾ," ಎಂದಳು ಮೆಲ್ಲಗೆ, "ಗೊರಕಿ ಹೊಡ್ಯಾಕತ್ತಾಳ."

ಪ್ರಭಾವತಿಯೂ ಕಿವಿಯಿಟ್ಟಳು. "ಹೌದ್ರಿ ಅತ್ತಿ. ಗಂಡಸರಗತೆ ಹೊಡ್ಯಾಕತ್ತಾರ!"

ಹಾರೆ ನೆಲಕ್ಕಿಳಿಯಿತು, ಅದರ ಜೊತೆ ಇಬ್ಬರೂ ಕುಳಿತರು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನಗು ಯಾವಾಗ ಅಳುವಾಯಿತೋ ನನಗೂ ತಿಳಿಯಲಿಲ್ಲ. "ನಿಮಗ ಹ್ಯಾಂಗ ಗೊತ್ತಾಗಬೇಕಿತ್ರಿ?" ಎಂದು ಸೊಸೆ ಅನ್ನುವುದು, "ಗೊತ್ತಾಗಬೇಕಿತ್ತವಾ" ಎಂದು ಅತ್ತೆ ಅನ್ನುವುದು, ಇಷ್ಟೇ ಮಾತು ನಾಲ್ಕೈದು ಸಲ ನಡೆಯಿತು. ಆಮೇಲೆ ಅತ್ತೆ ಎದ್ದು ಹಾರೆಯನ್ನು ಹಿತ್ತಲಲ್ಲಿ ಇಟ್ಟು ಬಂದಳು.

ಹನ್ನೊಂದೂಕಾಲಕ್ಕೆ ವಿನುತಾ ಕಣ್ಣುಜ್ಜಿಕೊಳ್ಳುತ್ತ ನನ್ನನ್ನು ಎಳೆದು ಬಾಗಿಲು ತೆರೆದಳು. "ಅಯ್ಯೋ ಸಾರಿ ಅಜ್ಜಿ! ಒಂದು ವರ್ಷದಿಂದ ಇಷ್ಟು ಚೆನ್ನಾಗಿ ಮಲಗೇ ಇರ್ಲಿಲ್ಲ. ತಿಂಡಿ ಎಲ್ಲಾ ಮುಗಿದುಹೋಯ್ತಾ?"

"ಮುಗ್ಯಾಕ ಇನ್ನೂ ಶುರು ಎಲ್ಲಿ ಆಗೈತಿ? ಬಾ, ಕುಂಡ್ರು," ಎಂದು ನೀಲವ್ವ ಅವಳ ಕೈ ಹಿಡಿದು ಕರೆದೊಯ್ದಳು. ಆ ದಿನ ಆ ಹೆಂಗಸು ಹದಿನಾರು ಪಡ್ಡು ತಿಂದಳು.

ಅವಳು ಗುಹೆ ನೋಡಲು ಹೊರಟ ಮೇಲೆ ನೀಲವ್ವ ಹಾಸಿಗೆ ಕೊಡವಲು ಕೋಣೆಗೆ ಬಂದಳು. ಕೊಡವಿ ಮುಗಿಸಿದವಳು ಹೊರಗೆ ಹೋಗಲಿಲ್ಲ. ಬಾಗಿಲು ಮುಚ್ಚಿ, ನನ್ನ ಗುಂಡಿ ಹಿಡಿದು ಸರಿಸಿದಳು. ನಾನು ಆ ಮನೆಗೆ ಬಂದಾಗಿನಿಂದ ಅವಳು ತನಗಾಗಿ ನನ್ನನ್ನು ಹಾಕಿಕೊಂಡಿದ್ದು ಅದೇ ಮೊದಲು. ಮಂಚದ ಮೇಲೆ ಕುಳಿತು ಗಂಡ ಬಿದ್ದಿದ್ದ ಜಾಗವನ್ನು ನೋಡಿದಳು. ನಾನು ಹೆದರಿದಂತೆ ಏನೂ ಆಗಲಿಲ್ಲ. ಕಾಲು ಮೇಲೆತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಇದೆಲ್ಲ ಆಗಿ ವರ್ಷವಾಗುತ್ತ ಬಂತು. ಈಗ ಬಚ್ಚಲಿಗೂ ಹೊಸ ಸ್ಟೀಲಿನ ಚಿಲಕ ಬಂದಿದೆ, ಥಳಥಳ ಹೊಳೆಯುತ್ತದೆ, ಸ್ವಲ್ಪ ಸೊಕ್ಕೂ ಇದೆ. ನನಗೆ ವಯಸ್ಸಾಯಿತು. ನನ್ನ ಗುಂಡಿ ಸವೆದು ನುಣ್ಣಗಾಗಿದೆ, ಮಳೆಗಾಲದಲ್ಲಿ ಸರಿಯಲು ತುಸು ಮೊಂಡು ಹಿಡಿಯುತ್ತೇನೆ. ಜನರನ್ನು ಕಾಯುತ್ತೇನೆ ಎಂದು ನಾನು ಬಹಳ ಕಾಲ ಬೀಗಿದೆ, ಜನರನ್ನು ಕೊಂದೆ ಎಂದು ಬಹಳ ಕಾಲ ಕೊರಗಿದೆ. ಎರಡೂ ನನ್ನ ಕೈಯಲ್ಲಿರಲಿಲ್ಲ. ಒಬ್ಬರು ಹಾಕಿದರೆ ಹಾಕಿಕೊಳ್ಳುತ್ತೇನೆ, ತೆಗೆದರೆ ತೆರೆದುಕೊಳ್ಳುತ್ತೇನೆ. ಇದು ತಿಳಿದ ಮೇಲೆ ಮೈ ಹಗುರಾಗಿದೆ.

ಅತಿಥಿಗಳಿಲ್ಲದ ಮಧ್ಯಾಹ್ನ ನೀಲವ್ವ ಈ ಕೋಣೆಗೆ ಬಂದು ಚಿಲಕ ಹಾಕಿ ಮಲಗುತ್ತಾಳೆ. ಪ್ರಭಾವತಿ ಬಡಿಯುವುದಿಲ್ಲ. ಬಾಗಿಲ ಹತ್ತಿರ ಬಂದು ಒಂದೇ ಸಲ, "ಅತ್ತಿ?" ಎನ್ನುತ್ತಾಳೆ.

"ಇಲ್ಲೇ ಅದೀನವಾ," ಎನ್ನುತ್ತಾಳೆ ನೀಲವ್ವ ಒಳಗಿನಿಂದ, ಅರ್ಧ ನಿದ್ದೆಯಲ್ಲೇ.